ತಬೇಲಾದ ನಡುಗಂಬ

ಮುಂಬೈಯ ದಹಿಸರಿನ ನಮ್ಮ ಮನೆ ಮೊದಲು ಎಮ್ಮೆಗಳ ತಬೇಲಾ, ಅಂದರೆ ಕೊಟ್ಟಿಗೆ ಆಗಿತ್ತು. ನೂರು ವರ್ಷಕ್ಕೂ ಹಳೆಯದು. ಕಲ್ಲಿನ ಗೋಡೆ, ಸಾಗವಾನಿ ತೊಲೆ, ಮೇಲೆ ಮೇವು ಒಟ್ಟುವ ಅಟ್ಟ. ಅಪ್ಪ ಅದನ್ನು ಕೊಂಡಾಗ ನಾನು ಚಿಕ್ಕವನು, ಸುತ್ತ ಇನ್ನೂ ಗದ್ದೆಗಳಿದ್ದವು. ಬಿಲ್ಡಿಂಗಿನಲ್ಲಿದ್ದ ನೆಂಟರು ಮೂಗು ಮುರಿದರು. ವಿಜಯಪುರದ ಕಡೆ ಎತ್ತುಗಳ ಜೊತೆ ಒಂದೇ ಸೂರಿನಡಿ ಬೆಳೆದಿದ್ದ ಅವ್ವನಿಗೆ ಅದರಲ್ಲಿ ಅವಮಾನವೇನೂ ಕಾಣಲಿಲ್ಲ. ಗಂಜಳದ ಕಾಲುವೆ ಮುಚ್ಚಿ ನೆಲಕ್ಕೆ ಫರಸಿ ಕಲ್ಲು ಹಾಕಿಸಿದರು. ಅಟ್ಟ ಕೋಣೆಯಾಯಿತು. ಈಗ ನನ್ನ ಮಗಳು ಅಲ್ಲೇ ಓದುತ್ತಾಳೆ, ಮಲಗುತ್ತಾಳೆ.

ಕಳೆದ ಮಳೆಗಾಲದ ನಂತರ, ಅವಳು ಮೇಲೆ ಓಡಾಡಿದಾಗಲೆಲ್ಲ ಕೆಳಗಿನ ಫ್ಯಾನು ಅಲುಗತೊಡಗಿತು. ಆಗಲೇ ನನಗೆ ಆ ಕಂಬ ನೆನಪಾದದ್ದು. ಹಾಲ್‌ನ ನಟ್ಟನಡುವೆ, ಅಟ್ಟದ ತೊಲೆಗೆ ಆಸರೆಯಾಗಿ ನಿಂತಿದ್ದ, ಎಮ್ಮೆಯ ಹಗ್ಗ ಉಜ್ಜಿ ನುಣುಪಾದ ಕಂಬ. ಅದು ಎಲ್ಲಿ ಹೋಯಿತು?

ಮನಃಶಾಸ್ತ್ರ ಓದಿದವನು ನಾನು. ನೆನಪು ಇಲ್ಲದ್ದನ್ನೂ ಕಟ್ಟಿಕೊಡುತ್ತದೆ ಎಂದು ಗೊತ್ತು. ಅದು ಊರಿನ ಅಜ್ಜನ ಮನೆಯ ಕಂಬವೂ ಆಗಿರಬಹುದು. ಅವ್ವನನ್ನು ಮೂರು ಸಲ ಕೇಳಿದೆ. ಕಂಬ ಇರಲೇ ಇಲ್ಲ ಎಂದು ಮೂರು ಸಲವೂ ತಲೆ ಎತ್ತದೆ ಮೆಂತ್ಯೆ ಬಿಡಿಸುತ್ತ ಹೇಳಿದಳು. ಮಗಳು ನಕ್ಕಳು. "ಪಪ್ಪಾ, ನಿಮಗ ನಿಮ್ಮ ಬರ್ತ್‌ಡೇ ಮ್ಯಾಲೂ ಡೌಟ್."

ಹದಿನೈದು ದಿನ ಹಾಗೇ ಕಳೆದೆ. ಒಬ್ಬನೇ ಇದ್ದಾಗ, ಕಂಬದ ಗುರುತು ಸಿಕ್ಕೀತೇ ಎಂದು ಫರಸಿಯನ್ನು ಕಾಲಿನಿಂದ ತಟ್ಟಿ ನೋಡುತ್ತಿದ್ದೆ. ಮಗಳು ಮೇಲೆ ಮಗ್ಗುಲು ಬದಲಿಸಿದರೂ ತಲೆ ಎತ್ತಿ ಸೀಲಿಂಗ್ ನೋಡುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಏಣಿ ಹಾಕಿ ಹಾಲ್‌ನ ಸೀಲಿಂಗಿನ ಪ್ಲೈವುಡ್ ಕಿತ್ತೆ. ಒಳಗೆ ತೊಲೆ ನಡುವಿನಲ್ಲಿ ಜಗ್ಗಿ, ಉದ್ದಕ್ಕೂ ಸೀಳು ಬಿಟ್ಟಿತ್ತು. ಅದರ ಅಡಿಯಲ್ಲಿ ಕಂಬದ ತಲೆ ಕೂರಿಸುವ ಚೌಕಾಕಾರದ ತೂತು. ತೂತಿನೊಳಗೆ ಗರಗಸದಿಂದ ಕೊಯ್ದ ಮರದ ತುಂಡು ಹಾಗೇ ಸಿಕ್ಕಿಕೊಂಡಿತ್ತು.

ಅವ್ವ ಏಣಿಯ ಕೆಳಗೆ ಬಂದು ನಿಂತಿದ್ದಳು.

"ನಾನ ಕೊಯ್ಸೀನಿ," ಎಂದಳು. "ದೇವರ ಜಗಲಿಗೆ ಎದುರ ಬರ್ತಿತ್ತು. ದೇವರ ಕಣ್ಣಿಗೆ ಕಂಬ ಅಡ್ಡ ಇರಬಾರದು ಅಂತ. ನಿಮ್ಮಪ್ಪ ಬ್ಯಾಡ ಅಂದಿದ್ರು."

"ಮತ್ತ ಇಲ್ಲ ಅಂತ ಯಾಕ ಹೇಳ್ದಿ?"

"ಹುಡುಗಿ ಆ ತೊಲಿ ಮ್ಯಾಲ ಮಲಗ್ತಾಳ. ಹ್ಯಾಂಗ್ ಹೇಳಲೋ ತಮ್ಮಾ."

ಮಗಳು ಆಗಲೂ ಮೇಲೇ ಇದ್ದಳು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಕೂಗಿದರೆ ಕೇಳಿಸದು, ಕೇಳಿಸಿದರೂ ಧಡಕ್ಕನೆ ಎದ್ದಾಳೆಂದು ಅಡುಗೆಮನೆಯಿಂದ ಓಡಿಬಂದ ನನ್ನ ಹೆಂಡತಿ ಅವಳಿಗೆ ಫೋನ್ ಮಾಡಿದಳು. ಪುಸ್ತಕ ಏನೂ ತರಬೇಡ, ನಡುವೆ ಕಾಲಿಡಬೇಡ, ಗೋಡೆ ಹಿಡಿದು ಬಾ ಎಂದಳು. ಒಂದೊಂದು ಹೆಜ್ಜೆಗೂ ತೊಲೆ ಕಿರ್ರೆನ್ನುತ್ತಿತ್ತು. ಗೊಣಗುತ್ತಲೇ ಇಳಿದು ಬಂದ ಮಗಳು ತಲೆ ಎತ್ತಿ ಸೀಳಿದ ತೊಲೆಯನ್ನು ನೋಡಿದಳು. ಅವ್ವ ಅವಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದಳು.

ಅಷ್ಟೂ ಹೊತ್ತು ನಾನು ಏಣಿಯ ಮೇಲೆ ನಿಂತು ಎರಡೂ ಅಂಗೈಯಿಂದ ತೊಲೆಯನ್ನು ಮೇಲಕ್ಕೆ ಒತ್ತಿ ಹಿಡಿದಿದ್ದೆನಂತೆ. ಹೆಂಡತಿ ಹೇಳುತ್ತಾಳೆ. ನನಗೆ ನೆನಪಿಲ್ಲ.