ದುರುಗಣ್ಣನ ಮೇಜಿನ ಗಾಳಿಪೆಟ್ಟಿಗೆ

ಆದೋನಿಯ ಹತ್ತಿ ಮಿಲ್ಲಿನಲ್ಲಿ ಎಳೆಯ ಉದ್ದ ನೋಡಿ ಹತ್ತಿಗೆ ದರ್ಜೆ ಹೇಳುತ್ತಿದ್ದವನು ಸುಂಕಪ್ಪ. ಬೇಸಿಗೆಯ ಒಣಹವೆಗೆ ಎಳೆಗಳಲ್ಲಿ ವಿದ್ಯುತ್ತು ಹುಟ್ಟಿ ಅವು ಬೆರಳಿಗೆ ಅಂಟುತ್ತಿದ್ದವು. ಅದಕ್ಕವನು ಇಪ್ಪತ್ತು ವರ್ಷದಿಂದ ಗಾಳಿ ತೇವವಾಗಲೆಂದು ಮೇಜಿನ ಮುಂದೆ ಒದ್ದೆ ಗೋಣಿಚೀಲ ತೂಗುಹಾಕುತ್ತಿದ್ದ.

೧೯೫೭ರಲ್ಲಿ ಸಾಹುಕಾರರು, ಮೆಲ್ಲಗೆ ಗಾಳಿ ಬಿಟ್ಟು ಆ ಅಂಟು ಬಿಡಿಸುವ ಕರೆಂಟಿನ ಪೆಟ್ಟಿಗೆ ತರಿಸಿ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ್ದ ದುರುಗಣ್ಣನ ಮೇಜಿನ ಮೇಲಿಟ್ಟರು.

ಸುಂಕಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. "ಆ ಡಬ್ಬಿಗೆ ಹತ್ತಿ ಅಂದ್ರ ಏನಂತ ಗೊತ್ತೈತೇನು?" ಎಂದು ವಾರವಿಡೀ ಗೊಣಗಿದ.

ಸೋಮವಾರ ಪೆಟ್ಟಿಗೆ ಸುಂಕಪ್ಪನ ಮೇಜಿನ ಮೇಲಿತ್ತು. ಹಿಗ್ಗಿದ.

"ನಾನ ಸಾವ್ಕಾರ್ರಿಗೆ ಹೇಳಿ ಇಡಿಸೀನಿ, ಮಾವ. ನಿಮಗ ವಯಸ್ಸಾತಲ್ಲ," ಎಂದ ದುರುಗಣ್ಣ.

ಅವನ ಮೇಜಿನ ಮುಂದೆ ಸುಂಕಪ್ಪನ ಗೋಣಿಚೀಲ ತೊಟ್ಟಿಕ್ಕುತ್ತಿತ್ತು.

"ನನ್ನ ಚೀಲ ಯಾರನ್ನ ಕೇಳಿ ತಗೊಂಡಿ?" ಎಂದು ಸುಂಕಪ್ಪ ಗುಡುಗಿದ.