ಮೋಟರ್ ಆಫ್ ಮಾಡಿ ಹೇಳಬೇಕಾದ ಮಾತು

ಅವತ್ತು ಭಾನುವಾರ. ಐದು ಕೆ.ಜಿ. ರಾಗಿಯ ಚೀಲ ಹಿಡಿದುಕೊಂಡು ತುಮಕೂರಿನಿಂದ ಗುಬ್ಬಿಗೆ ರೈಲು ಹತ್ತಿದ್ದೆ.

(ನಮ್ಮ ಬೀದಿಯಲ್ಲೇ ಎರಡು ಹಿಟ್ಟಿನ ಮಿಲ್ಲುಗಳಿವೆ. "ಹಿಟ್ಟು ಮಾಡಿಸೋಕೆ ಗುಬ್ಬಿಗೆ ಯಾಕೆ ಹೋಗ್ತೀರಿ ಮೇಡಂ?" ಎಂದು ಪಕ್ಕದ ಮನೆಯವರು ಕೇಳುತ್ತಲೇ ಇರುತ್ತಾರೆ. ಬಾಕ್ಸಿಂಗ್ ಬಗ್ಗೆ ಜಗಳ ಆಡುವುದಕ್ಕೆ ಎಂದರೆ ಯಾರು ನಂಬುತ್ತಾರೆ?)

ಗುಬ್ಬಿಯಲ್ಲಿ ಮಿಲ್ಲು ಇಟ್ಟುಕೊಂಡಿದ್ದವನು ನನ್ನ ಅಣ್ಣ. ನನಗಿಂತ ಎಂಟು ವರ್ಷ ದೊಡ್ಡವನು. ಹಿಟ್ಟು ಮೆತ್ತಿಕೊಂಡ ಹುಬ್ಬು, ದೊಡ್ಡ ಗಂಟಲು. ಮೂವತ್ತು ವರ್ಷ ಮೋಟರ್ ಸದ್ದಿನ ನಡುವೆ ಬದುಕಿದವನು ಮೆಲ್ಲಗೆ ಮಾತಾಡುವುದನ್ನು ಯಾವಾಗಲೋ ಮರೆತಿದ್ದ. ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳಿದರೂ ಗದರಿಸಿದ ಹಾಗೆ ಇರುತ್ತಿತ್ತು.

ನಮಗಿಬ್ಬರಿಗೂ ಬಾಕ್ಸಿಂಗ್ ಹುಚ್ಚು. ಹೇಗೆ ಹಿಡಿಯಿತು ಎಂದು ಕೇಳಬೇಡಿ. ಹೊರದೇಶದಲ್ಲಿ ಶನಿವಾರ ರಾತ್ರಿ ನಡೆಯುವ ಫೈಟು ನಮಗೆ ಭಾನುವಾರ ಬೆಳಿಗ್ಗೆ ಬರುತ್ತದೆ. ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಇಡುವುದು, ನೋಡುವುದು, ಕಿತ್ತಾಡುವುದು. ಐವತ್ತು ದಾಟಿದ ಹೆಂಗಸು ಮಿಲ್ಲಿನಲ್ಲಿ ನಿಂತು ಲೆಫ್ಟ್ ಹುಕ್ ಬಗ್ಗೆ ಕೂಗಾಡುವುದನ್ನು ಗುಬ್ಬಿಯ ಜನ ಒಪ್ಪಿಕೊಂಡುಬಿಟ್ಟಿದ್ದರು. ನಮ್ಮ ನೆಂಟರು ಒಪ್ಪಿಕೊಂಡಿರಲಿಲ್ಲ. ಅದು ಬೇರೆ ಕಥೆ.

ನಮ್ಮದೊಂದು ನಿಯಮ ಇತ್ತು. ಫೈಟು ಮುಗಿದ ಮೇಲೆ ಯಾರ ಮಾತು ಸುಳ್ಳಾಯಿತೋ ಅವರು ಹೋಗಿ ಮೋಟರ್ ಆಫ್ ಮಾಡಬೇಕು. ಬೆಲ್ಟು ಪೂರ್ತಿ ನಿಲ್ಲುವ ತನಕ ಕಾಯಬೇಕು. ಆಮೇಲೆ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, "ನೀನು ಹೇಳಿದ್ದೇ ಸರಿ" ಎನ್ನಬೇಕು. ಸದ್ದಿನಲ್ಲಿ ಗೊಣಗಿದರೆ ಲೆಕ್ಕಕ್ಕಿಲ್ಲ.

ಆ ಭಾನುವಾರ ಫೈಟು ಇರಲಿಲ್ಲ. ಮುಂದಿನ ವಾರದ ಫೈಟಿನ ಜಗಳ ಇತ್ತು.

ಒಬ್ಬ ಹೊಸ ಹುಡುಗ. ಅವನ ಹೆಸರು ಅಣ್ಣನ ಬಾಯಿಗೆ ಹೊರಳದೆ, ಎತ್ತರ ನೋಡಿ "ಉದ್ದಣ್ಣ" ಎಂದು ಇಟ್ಟಿದ್ದ. ನಾನು ಉದ್ದಣ್ಣನ ಪಕ್ಷ. ಎದುರಿಗೆ ಇದ್ದವನು ಚಾಂಪಿಯನ್. ಮೂವತ್ತೆಂಟು ದಾಟಿದವನು. ಅಣ್ಣ ಅವನ ಪಕ್ಷ.

"ಉದ್ದಣ್ಣ ಇದುವರೆಗೂ ಒಂದೂ ಸೋತಿಲ್ಲ ಕಣಣ್ಣ" ಎಂದು ಕೂಗಿದೆ.

"ಯಾರನ್ನ ಗೆದ್ದವ್ನೆ, ಹೇಳು?" ಅಣ್ಣ ರಾಗಿ ಸುರಿಯುತ್ತಲೇ ಕೂಗಿದ. "ಒಬ್ಬಂಗೆ ಮಂಡಿ ಇಲ್ಲ, ಇನ್ನೊಬ್ಬಂಗೆ ಉಸ್ರಿಲ್ಲ. ಕೊನೇ ಸಲ ಬಂದಿದ್ನಲ್ಲ, ಆ ವಯ್ಯ ರಿಂಗ್ ಹತ್ತೋಕೇ ಹಗ್ಗ ಹಿಡ್ಕಂಡ. ಅದು ಫೈಟಾ? ಪಿಂಚಣಿ ಕೊಡೋ ಕಾರ್ಯಕ್ರಮ ಅದು!"

"ಚಾಂಪಿಯನ್ ಏನು ಎಳೇ ಮಗೂನಾ? ಅವನಿಗೂ ವಯಸ್ಸಾಗಿದೆ."

"ವಯಸ್ಸಾಗೋದು ಬೇರೆ, ಸವೆಯೋದು ಬೇರೆ ಕಣೇ. ಈ ಬೀಸೋ ಕಲ್ಲು ನೋಡು. ಎಷ್ಟು ವರ್ಷದ್ದು? ಆಗಾಗ ಉಳಿ ಹಿಡಿದು ಕುಟ್ಟಿಸ್ತೀನಿ. ಹೊಸ ಕಲ್ಲಿಗಿಂತ ನುಣ್ಣಗೆ ಬೀಸ್ತದೆ."

"ಏಳನೇ ರೌಂಡಿಗೆ ಅವನ ಎಡಗೈ ಕೆಳಕ್ಕೆ ಇಳಿಯುತ್ತೆ. ಹೋದ ಎರಡು ಫೈಟಲ್ಲೂ ಇಳೀತು. ಸುಸ್ತು ಅಂತ ಕಣ್ಣಿಗೇ ಕಾಣುತ್ತೆ."

"ಸುಸ್ತಲ್ಲ ಕಣೇ, ಅದು ಕರೆಯೋದು! ಬಾರಪ್ಪ ಒಳಕ್ಕೆ ಅಂತ. ನಿನ್ನ ಉದ್ದಣ್ಣ ಹೋಗ್ತಾನೆ, ನೋಡ್ತಿರು."

"ಏ ಯಪ್ಪಾ, ನನ್ ಹಿಟ್ಟು ಕಾದು ಸೀದೋಯ್ತದೆ, ಮೊದ್ಲು ಅದನ್ನ ನೋಡು. ಆಮೇಲೆ ಹೊಡ್ದಾಡು" ಎಂದು ಸಾಲಿನಲ್ಲಿದ್ದ ಒಬ್ಬ ಅಜ್ಜಿ ಬೈದಳು.

ಅಣ್ಣ ಚೀಲ ಬದಲಾಯಿಸಿ ನಡು ಮಿಲ್ಲಿಗೆ ಬಂದ. ಕಾಲು ಅಗಲಿಸಿ ನಿಂತು, ಎರಡೂ ಮುಷ್ಟಿ ಎತ್ತಿ, ಚಾಂಪಿಯನ್ ಹೇಗೆ ಕೈ ಇಳಿಸುತ್ತಾನೆ ಎಂದು ತೋರಿಸತೊಡಗಿದ. ಎಡಗೈ ಇಳಿಯಿತು. ಅಲ್ಲೇ ನಿಂತಿತು. ಅವನು ಬಲಗೈಯಲ್ಲಿ ಎಡಭುಜ ಹಿಡಿದುಕೊಂಡು ಮುಖ ಕಿವುಚಿದ.

"ನೋಡಿದ್ಯಾ, ನಿಂದೂ ಇಳೀತು! ಏಳನೇ ರೌಂಡು!" ಎಂದು ಕೂಗಿದೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಣ್ಣನೂ ನಕ್ಕ. "ಬೆಳಿಗ್ಗೆ ಮೂಟೆ ಎತ್ತಿದ್ದು ಕಣೇ" ಎಂದು ಭುಜ ತಿಕ್ಕಿಕೊಂಡ. ನಾನು ಹಿಟ್ಟು ತೆಗೆದುಕೊಂಡು ರೈಲು ಹಿಡಿದೆ.

ಗುರುವಾರ ಬೆಳಿಗ್ಗೆ ಮಿಲ್ಲಿನ ಶಟರ್ ಎತ್ತುವಾಗ ಅಣ್ಣ ಬಿದ್ದ. ತುಮಕೂರಿನ ಆಸ್ಪತ್ರೆ ತಲುಪುವ ಮೊದಲೇ ಹೋಗಿದ್ದ.

ಮೂರು ವಾರ ಈ ಅಂಕಣ ಬರಲಿಲ್ಲ. ಕೆಲವರು ಕೇಳಿದ್ದೀರಿ. ಕಾರಣ ಇದು.

ಮಣ್ಣು ಮಾಡಿದ್ದು ಕುಣಿಗಲ್ ತಾಲ್ಲೂಕಿನ ನಮ್ಮ ಊರಿನಲ್ಲಿ, ಹುಲಿಯೂರುದುರ್ಗದ ಹತ್ತಿರ. ಶುಕ್ರವಾರ ಅದು ಮುಗಿಯಿತು. ಭಾನುವಾರ ಹಾಲು-ತುಪ್ಪ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಮಾಧಿಗೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ದೂರ ನಿಂತು ಕಾಗೆಗೆ ಕಾಯುತ್ತೇವೆ. ಕಾಗೆ ಮುಟ್ಟಿದರೆ ತೃಪ್ತಿಯಾಯಿತು ಎಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಆ ಆಸೆಯನ್ನು ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು.

ಕಾಗೆ ಬರಲಿಲ್ಲ.

ಹೇಗೆ ಬರುತ್ತದೆ ಹೇಳಿ? ನಲವತ್ತು ಜನ ಆಕಾಶ ನೋಡುತ್ತಾ ನಿಂತಿದ್ದಾರೆ. "ಸದ್ದು ಮಾಡ್ಬೇಡ್ರೋ!" ಎಂದು ನಮ್ಮ ಚಿಕ್ಕಪ್ಪ ಇಡೀ ಊರಿಗೆ ಕೇಳುವ ಹಾಗೆ ಕೂಗುತ್ತಿದ್ದಾರೆ. ನಾನು ಕಾಗೆಯಾಗಿದ್ದರೂ ಬರುತ್ತಿರಲಿಲ್ಲ.

ಚಿಕ್ಕಪ್ಪನೇ ಮೊದಲು ಮಾತು ಕೊಟ್ಟರು. ಸಮಾಧಿ ಕಡೆ ಕೈ ಮುಗಿದು, "ಮಗಳ ಮದ್ವೆ ಯೋಚ್ನೆ ಮಾಡ್ಬೇಡ ಕಣಪ್ಪ, ನಾವೆಲ್ಲ ಸೇರಿ ಮಾಡ್ತೀವಿ" ಎಂದರು.

ಅಣ್ಣನ ಮಗಳ ಮದುವೆಯಾಗಿ ಆರು ವರ್ಷ. ಅವಳು ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಅಲ್ಲೇ ನಿಂತಿದ್ದಳು. ಆ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಉಂಡವರೂ ಇದೇ ಚಿಕ್ಕಪ್ಪ.

ಅತ್ತಿಗೆ ಮಾತ್ರ ಮೆಲ್ಲಗೆ, "ಮಿಲ್ ಮುಚ್ಚಲ್ಲ ಕಣ್ರೀ, ನಾನೇ ನಡೆಸ್ತೀನಿ" ಎಂದರು. ಅದೊಂದೇ ಅಲ್ಲಿ ನಿಜವಾದ ಮಾತು. ಕಾಗೆಗೆ ಅದೂ ಕೇಳಿಸಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಪಕ್ಕಕ್ಕೆ ಬಸವರಾಜು ಸರಿದು ಬಂದ. ಮಿಲ್ಲಿನ ಎದುರು ಸೈಕಲ್ ಶಾಪ್ ಇಟ್ಟಿರುವವನು. ಅಣ್ಣನ ಸ್ನೇಹಿತ, ಆದರೆ ಬಾಕ್ಸಿಂಗ್ ವಿಷಯದಲ್ಲಿ ನನ್ನ ಪಕ್ಷ. ಅವನ ಷರಟಿನ ಜೇಬಿನಲ್ಲಿ ಮೊಬೈಲು ಬೆಳಗುತ್ತಿತ್ತು.

"ಅಕ್ಕಾ," ಎಂದ ಪಿಸುಗುಟ್ಟಿ, "ಆರನೇ ರೌಂಡು."

ನನಗೆ ಬಂದ ಸಿಟ್ಟು ಹೇಳತೀರದು. ಸಮಾಧಿಯ ಮುಂದೆ ಫೈಟು ನೋಡುವವನು ಮನುಷ್ಯನೇ? ನಾಚಿಕೆ ಬೇಡವೇ? ಹೀಗೆಲ್ಲ ಬೈಯಬೇಕು ಎಂದು ಬಾಯಿ ತೆರೆದೆ.

"ಯಾರು ಮುಂದೆ?" ಎಂದು ಕೇಳಿದೆ.

"ಉದ್ದಣ್ಣನೇ."

ಇಬ್ಬರೂ ಆಕಾಶ ನೋಡುತ್ತಾ ನಿಂತೆವು. ಬಸವರಾಜು ಜೇಬನ್ನೂ ನೋಡುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ, "ಎಡಗೈ ಇಳಿಸ್ದ ಅಕ್ಕಾ, ಇಳಿಸ್ದ! ನಮ್ ಹುಡ್ಗ ಒಳಕ್ ನುಗ್ದ... ಅಯ್ಯಯ್ಯೋ! ಮಲಗ್ಬುಟ್ಟ!"

ಕೊನೆಯ ಮಾತು ಪಿಸುಮಾತಾಗಿರಲಿಲ್ಲ.

"ಯಾರ್ಲಾ ಅದು ಮಲಗಿದ್ದು?" ಚಿಕ್ಕಪ್ಪ ಗಾಬರಿಯಾಗಿ ತಿರುಗಿದರು.

ಬಸವರಾಜು ಎಲ್ಲ ಹೇಳಿಬಿಟ್ಟ. ನಲವತ್ತು ಜನರ ಮುಂದೆ. ಉದ್ದಣ್ಣ ಯಾರು, ಚಾಂಪಿಯನ್ ಯಾರು, ಅಣ್ಣ ಏನು ಹೇಳಿದ್ದ, ನಾನು ಏನು ಹೇಳಿದ್ದೆ, ಸೋತವರು ಏನು ಮಾಡಬೇಕು. ಒಂದೂ ಬಿಡಲಿಲ್ಲ. ಚಾಂಪಿಯನ್ ಕೈ ಇಳಿಸಿದ್ದು ಸುಸ್ತಾಗಿ ಅಲ್ಲ. ಕರೆಯುವುದಕ್ಕೆ. ಅಣ್ಣ ಹೇಳಿದ್ದ ಹಾಗೆಯೇ, ಏಳನೇ ರೌಂಡಿನಲ್ಲಿ.

ಚಿಕ್ಕಪ್ಪನ ಮುಖ ಅರಳಿತು. "ಅಂಗಾದ್ರೆ ಅದೇ ಕಣ್ರಪ್ಪ ಆಸೆ! ಅದ್ಕೇ ಕಾಗೆ ಬಂದಿಲ್ಲ! ಹೇಳ್ಬುಡು ಕಣಮ್ಮಿ, ಅಣ್ಣಾ ನೀನು ಹೇಳಿದ್ದೇ ಸರಿ ಅಂದ್ಬುಡು. ಒಂದ್ ಮಾತು, ಏನಾಗ್ತದೆ?"

ನಲವತ್ತು ಜನ ಆಕಾಶ ಬಿಟ್ಟು ನನ್ನನ್ನು ನೋಡಿದರು. ನಾನು ಬಾಕ್ಸಿಂಗ್ ನೋಡುವುದೇ ತಪ್ಪು ಎನ್ನುತ್ತಿದ್ದವರು ಇವರೇ. ಈಗ ಬಾಕ್ಸಿಂಗಿನಿಂದಲೇ ಕಾಗೆ ಬರಬೇಕಂತೆ.

"ಹೇಳಲ್ಲ" ಎಂದೆ. "ಅದು ಮಿಲ್ಲಲ್ಲಿ, ಮೋಟರ್ ಆಫ್ ಮಾಡಿ ಹೇಳೋ ಮಾತು."

"ಏನ್ ಹಟನಪ್ಪ ಈ ಹೆಣ್ಣಿಗೆ!"

ಕೊನೆಗೆ ಎಲೆಯನ್ನು ಹಸುವಿಗೆ ಇಟ್ಟರು. ಹಸು ತಿಂದರೂ ಒಂದೇ ಎಂದು ಚಿಕ್ಕಪ್ಪನೇ ತೀರ್ಮಾನ ಕೊಟ್ಟರು. ಹಾಗಿದ್ದರೆ ಬಿಸಿಲಿನಲ್ಲಿ ಒಂದೂವರೆ ಗಂಟೆ ನಿಂತದ್ದು ಏಕೆ ಎಂದು ನಾನು ಕೇಳಲಿಲ್ಲ.

ಹಟ ಅಲ್ಲ. ಅದನ್ನು ಅಲ್ಲಿ ಹೇಳಲು ಸಾಧ್ಯವಿರಲಿಲ್ಲ. ಆ ಒಂದು ಮಾತು ಬಾಯಿಂದ ಹೊರಟಿದ್ದರೆ ಅದರ ಹಿಂದೆಯೇ ಇನ್ನೊಂದು ಬರುತ್ತಿತ್ತು. ಎಡಭುಜದ ಮಾತು.

ಅಲ್ಲಿಂದ ಮುಂದೆ ಹನ್ನೊಂದನೆಯ ದಿನದ ತನಕ ಮನೆ ತುಂಬ ಡಾಕ್ಟರುಗಳು. "ಎಡಗೈ ನೋಯ್ತಾ ಇತ್ತಾ? ಎಡಗೈ ಅಂದ್ರೆ ಹಾರ್ಟೇ" ಎಂದರು ಒಬ್ಬರು. "ಮುಂಚೆನೇ ಒಂದು ಟೆಸ್ಟ್ ಮಾಡಿಸಿದ್ರೆ" ಎಂದರು ಇನ್ನೊಬ್ಬರು. "ನಾನು ಯುಗಾದಿಲಿ ನೋಡ್ದಾಗ್ಲೇ ಅಂದ್ಕೊಂಡೆ, ಮುಖ ಸರಿ ಇರ್ಲಿಲ್ಲ" ಎಂದವರು ಮೂವರು. ಅಂದುಕೊಂಡವರು ಆಗಲೇ ಹೇಳಬಾರದಿತ್ತೇ? ಫೈಟು ಮುಗಿದ ಮೇಲೆ ಎಲ್ಲರೂ ಕೋಚ್. ಸತ್ತ ಮೇಲೆ ಎಲ್ಲರೂ ಡಾಕ್ಟರ್. ಕಾಫಿ ಕೊಟ್ಟೂ ಕೊಟ್ಟೂ ನನಗೆ ಸಾಕಾಯಿತು.

ಆದರೆ ಅವರಲ್ಲಿ ಯಾರೂ ಅಣ್ಣನ ಕೈ ಇಳಿದದ್ದನ್ನು ಕಣ್ಣಾರೆ ಕಂಡವರಲ್ಲ. ಕಂಡವಳು ನಾನು. ಚಾಂಪಿಯನ್ ಕೈ ಇಳಿದರೆ ಸುಸ್ತು ಎಂದುಕೊಂಡೆ. ಅಣ್ಣನ ಕೈ ಇಳಿದರೆ ಆಟ ಎಂದುಕೊಂಡೆ. ಎರಡೂ ತಪ್ಪು.

ಇದನ್ನು ಇಟ್ಟುಕೊಂಡು ಅತ್ತಿಗೆಯ ಮುಖ ನೋಡುವುದು ಹೇಗೆ? ಮೊನ್ನೆ ಭಾನುವಾರ ಅವರೇ ಫೋನ್ ಮಾಡಿದರು. "ಮಿಲ್ ತೆಗ್ದಿದೀನಿ. ರಾಗಿ ತಗೊಂಡ್ ಬಾಮ್ಮ" ಎಂದರು. ಹೋದೆ. ಅತ್ತಿಗೆ ತಲೆಗೆ ಟವೆಲ್ ಕಟ್ಟಿಕೊಂಡು ನಿಂತಿದ್ದರು. ಇನ್ನೂ ಗಿರಾಕಿಗಳು ಬಂದಿರಲಿಲ್ಲ. ಮೋಟರ್ ಹಾಕುವ ಮೊದಲೇ ಹೇಳಿಬಿಟ್ಟೆ. ಅಣ್ಣ ಮುಷ್ಟಿ ಎತ್ತಿದ್ದು, ಭುಜ ಹಿಡಿದುಕೊಂಡದ್ದು, ನಾನು ಏಳನೇ ರೌಂಡು ಎಂದು ಕೂಗಿದ್ದು, ಎಲ್ಲರೂ ನಕ್ಕಿದ್ದು.

ಅತ್ತಿಗೆ ನನ್ನ ಚೀಲದ ದಾರ ಬಿಚ್ಚಿದರು.

"ನಂಗೂ ಹೇಳಿದ್ರು ಕಣಮ್ಮ" ಎಂದರು. "ಸೋಮವಾರ. ಭುಜ ಹಿಡ್ಕೊಂಡದೆ ಅಂದ್ರು. ಮೂಟೆ ಎತ್ತಿದ್ದಕ್ಕೇ ಇರ್ಬೇಕು ಅಂತ ಮುಲಾಮ್ ತಿಕ್ಕಿ ಮಲಗ್ಸಿದೆ. ನಾಳೆ ಇನ್ನೂ ನೋಯ್ತಿದ್ರೆ ಆಸ್ಪತ್ರೆಗೆ ಹೋಗನ ಅಂದೆ. ಮಾರ್ನೇ ದಿನ ನೋವಿಲ್ಲ ಅಂದ್ರು. ನಿಜವೋ ಸುಳ್ಳೋ, ಯಾರಿಗ್ಗೊತ್ತು?"

ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನಾನು ಯಾರ ಹತ್ರಾನೂ ಹೇಳಿಲ್ಲ. ಅವತ್ತೇ ಯಾಕೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಲಿಲ್ಲ ಅಂತ ನೀನು ಕೇಳ್ತೀಯ ಅಂತ ಹೆದರಿದ್ದೆ" ಎಂದರು.

ಹನ್ನೊಂದು ದಿನ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಹೆದರಿಕೊಂಡು ಬಂದವರಿಗೆಲ್ಲ ಕಾಫಿ ಕೊಟ್ಟಿದ್ದೆವು.

ಗಿರಾಕಿಗಳು ಬರತೊಡಗಿದರು. ಅತ್ತಿಗೆ ಮೋಟರ್ ಹಾಕಿದರು. ಬೆರಳುಗಳ ನಡುವೆ ಹಿಟ್ಟು ತಿಕ್ಕಿ ನೋಡಿ, ತರಿ ಇದೆ, ಕಲ್ಲು ಕುಟ್ಟಿಸಬೇಕು ಎಂದು ಕೂಗಿ ಹೇಳಿದರು. ನನ್ನ ಐದು ಕೆ.ಜಿ. ಮುಗಿಯಿತು. ನಾನು ಎದ್ದು ಹೋಗಿ ಮೋಟರ್ ಆಫ್ ಮಾಡಿದೆ. ಬೆಲ್ಟು ಸುತ್ತಿ ಸುತ್ತಿ ನಿಂತಿತು.

"ಅಣ್ಣಾ, ನೀನು ಹೇಳಿದ್ದೇ ಸರಿ" ಎಂದೆ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆಯೇ ಹೇಳಿದೆ.

ಯಾರೂ ನಗಲಿಲ್ಲ. ಅವತ್ತು ಬೈದಿದ್ದ ಅಜ್ಜಿಯೂ ಇದ್ದಳು. "ಹೇಳಿದ್ದಾಯ್ತಲ್ಲ ಮಗಾ, ಮೋಟರ್ ಹಾಕು" ಎಂದಳು. ಈ ಸಲ ಗದರಿಸಲಿಲ್ಲ. ಹಾಕಿದೆ.

ಹೊರಗೆ ಬಸವರಾಜು ಕಾಯುತ್ತಿದ್ದ. ಉದ್ದಣ್ಣನಿಗೆ ಇನ್ನೊಂದು ಫೈಟು ನಿಗದಿಯಾಗಿದೆಯಂತೆ. ಈ ಸಲ ಎದುರಾಳಿ ಮುದುಕನಲ್ಲ, ಮುದುಕನಾಗುತ್ತಿರುವವನು. "ನಮ್ಮೋನೇ ಗೆಲ್ಲೋದು, ಅಲ್ವಾ ಅಕ್ಕಾ?" ಎಂದ. ಹೌದು ಎಂದೆ. ಅವನೂ ಹೌದು ಎಂದ. ಅಲ್ಲಿಗೆ ಮಾತು ಮುಗಿಯಿತು. ಇನ್ನೇನು ಮಾತಾಡುವುದು?

ಉದ್ದಣ್ಣ ಇದ್ದಾನೆ, ಮಿಲ್ಲು ಇದೆ, ಭಾನುವಾರ ಬರುತ್ತದೆ. ಅಲ್ಲ ಎನ್ನುವುದಕ್ಕೆ ಅಣ್ಣ ಇಲ್ಲ.