ಗಡ್ಡ ಹತ್ತೀದು, ಅಂಗಿ ಬನಹಟ್ಟೀದು

ಬನಹಟ್ಟಿಗೆ ಬಂದ ದಿನ, ಬಾಡಿಗೆ ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಒಬ್ಬರು ಮನೆಯೊಡತಿ ಶಾಂತಕ್ಕ, ಇನ್ನೊಬ್ಬಳು ಅವರ ಸೊಸೆ ರೂಪಾ.

“ಗಂಡನ ಹೆಸರು ಹೇಳ್ರಿ, ಆಮ್ಯಾಲ ಒಳಗ ಬರ್ರಿ,” ಎಂದರು ಶಾಂತಕ್ಕ.

“ಲ್ಯಾನ್ಸಿ,” ಎಂದೆ.

“ಹಂಗಲ್ರೀ ಅಕ್ಕಾರ, ಒಡಪ ಹಾಕಿ ಹೇಳ್ರಿ.”

ಮಂಗಳೂರಿನಿಂದ ಬಸ್ಸಿನಲ್ಲಿ ಕೂತು ಕೂತು ಬೆನ್ನು ಹಿಡಿದಿತ್ತು. ಹೆಸರು ಕೇಳಿ ನಾವು ಕ್ರಿಶ್ಚಿಯನ್ನರೆಂದು ತಿಳಿದು ಮನಸ್ಸು ಬದಲಾಯಿಸಿದ್ದಾರೆ ಎಂದುಕೊಂಡು ಸೂಟ್‌ಕೇಸ್ ಎತ್ತಿ ತಿರುಗಿ ಹೊರಟೆ. ರೂಪಾ ಓಡಿಬಂದು ಕೈ ಹಿಡಿದಳು. ಒಡಪು ಎಂದರೆ ಗಂಡನ ಅಥವಾ ಹೆಂಡತಿಯ ಹೆಸರನ್ನು ಪ್ರಾಸದೊಳಗೆ ಕಟ್ಟಿ ಹೇಳುವುದಂತೆ. ಹೇಳದಿದ್ದರೆ ಮದುಮಕ್ಕಳನ್ನೂ ಒಳಗೆ ಬಿಡುವುದಿಲ್ಲವಂತೆ. ನನ್ನ ಕಣ್ಣು ತುಂಬಿದ್ದು ಕಂಡು ಶಾಂತಕ್ಕ ಬಾಗಿಲು ಬಿಟ್ಟರು.

ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವಳು. ಲ್ಯಾನ್ಸಿ ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ. ಊರಲ್ಲಿ ಮಳೆಯ ಸದ್ದಿಗೆ ಮಲಗಿದವಳಿಗೆ ಇಲ್ಲಿ ಮಗ್ಗಗಳ ಸದ್ದು. ಈಗ ಕರೆಂಟು ಹೋಗಿ ಅದು ನಿಂತರೇ ಎಚ್ಚರವಾಗುತ್ತದೆ. ಗಂಜಿ ಉಂಡ ಹೊಟ್ಟೆ ಖಡಕ್ ರೊಟ್ಟಿಗೂ ಶೇಂಗಾ ಹಿಂಡಿಗೂ ಒಗ್ಗಿತು. ನಾನು ‘ಎಂತ’ ಅಂದರೆ ಇಂದಿಗೂ ರೂಪಾ ನಗುತ್ತಾಳೆ.

ಡಿಸೆಂಬರ್ ಬಂದಾಗ ಮಾತ್ರ ಕಷ್ಟವಾಯಿತು. ರಜೆ ಸಿಗಲಿಲ್ಲ. ನಮ್ಮೂರಲ್ಲಿ ಆ ಹೊತ್ತಿಗೆ ಮನೆಮನೆಗೂ ನಕ್ಷತ್ರದ ದೀಪ, ಗುಮಟೆ ಬಡಿದುಕೊಂಡು ಬರುವ ಹಾಡಿನ ತಂಡ, ಅದರ ಮುಂದೆ ಮುಖವಾಡ ಹಾಕಿ ಕುಣಿಯುವ ಕ್ರಿಸ್ಮಸ್ ತಾತ. ಬನಹಟ್ಟಿಯ ನಮ್ಮ ಓಣಿಯಲ್ಲಿ ನಕ್ಷತ್ರ ತೂಗುಹಾಕಿದವರು ನಾವು ಮಾತ್ರ. ಮನೆಗೆ ತತ್ತಿ, ಅಂದರೆ ಮೊಟ್ಟೆ, ತರಬಾರದು ಎಂಬುದು ಶಾಂತಕ್ಕನ ಕರಾರು. “ಮೊಟ್ಟೆ ಹಾಕದ ಕೇಕ್ ಎಂಥ ಕೇಕ್?” ಎಂದು ನನ್ನ ತಾಯಿ, ನಾವು ಕರೆಯುವಂತೆ ಮಾಂಯ್, ಫೋನಿನಲ್ಲಿ ಕೊರಗಿದಳು.

ಕೇಕ್ ಬಿಟ್ಟು ಕುಸ್ವಾರ್ ಮಾಡಲು ಕೂತೆ. ಹಬ್ಬಕ್ಕೆ ನೆರೆಯವರಿಗೆ ಹಂಚುವ ಕರಿದ ತಿಂಡಿಗಳವು. ಹೊಸ ಬಾಚಣಿಗೆಯ ಮೇಲೆ ಹಿಟ್ಟಿನ ಉಂಡೆ ಒತ್ತಿ ಕಿಡ್ಯೊ ಎಂಬ ಸುರುಳಿ ಸುತ್ತುತ್ತಿದ್ದಾಗ ಶಾಂತಕ್ಕ ಮಹಡಿಯ ಮೇಲಿನ ನಮ್ಮ ಮನೆಗೆ ಬಂದರು.

“ಏನ್ ಮಾಡಾಕತ್ತೀರಿ?”

ಕಿಡ್ಯೊ, ಪಕ್ಕದಲ್ಲಿದ್ದ ನೆವ್ರಿ ಎಲ್ಲ ವಿವರಿಸಿದೆ. ಅವರು ಕೇಳುತ್ತಲೇ ಕೂತು ಹಿಟ್ಟಿಗೆ ಕೈ ಹಾಕಿದರು. “ನಾವೂ ಪಾಯಸಕ್ಕ ಹಿಂಗ ಹಣಗಿ ಮ್ಯಾಲ ಗೌಲಿ ಮಾಡ್ತೀವ್ರಿ. ಈ ನಿಮ್ಮ ನೆವ್ರಿ ಅಂದ್ರ ನಮ್ಮ ಕರ್ಚಿಕಾಯಿ ಅಲ್ಲೇನು?” ಅವರ ಸುರುಳಿಗಳು ನನ್ನವಕ್ಕಿಂತ ಚೆನ್ನಾಗಿ ಬಂದವು. ಮಾಂಯ್‌ಗೆ ಅದನ್ನು ಹೇಳಲಿಲ್ಲ.

ಹಬ್ಬದ ಸಂಜೆ ಲ್ಯಾನ್ಸಿಗೆ ಕ್ರಿಸ್ಮಸ್ ತಾತನಾಗುವ ಹುಮ್ಮಸ್ಸು ಬಂತು. ಇಲ್ಲಿಯದೇ ಕೆಂಪು ಬಟ್ಟೆಯ ನಿಲುವಂಗಿ, ಹತ್ತಿಯ ಗಡ್ಡ, ಹೊಟ್ಟೆಗೊಂದು ದಿಂಬು. ತಟ್ಟೆ ಬಾರಿಸುತ್ತ ಮೆಟ್ಟಿಲಿಳಿದ. ನಾನು ಕುಸ್ವಾರ್ ತಟ್ಟೆ ಹಿಡಿದು ಹಿಂದೆ ನಡೆದೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು, ಇವರೇನು ಅಂದುಕೊಂಡಾರು?

ಶಾಂತಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದರು. “ಯಜ್ಜಾರ, ಹೆಂಡ್ತಿ ಹೆಸರು ಒಡಪ ಹಾಕಿ ಹೇಳ್ರಿ. ಅಲ್ಲೀತನಕಾ ಒಳಗ ಬಿಡಂಗಿಲ್ಲ.”

ಲ್ಯಾನ್ಸಿ ತಲೆ ಕೆರೆದ, ಗಡ್ಡ ಎಳೆದ. ಆಮೇಲೆ ತಟ್ಟೆ ಬಾರಿಸಿ, ಬನಹಟ್ಟಿಯ ಧಾಟಿಯಲ್ಲೇ ಶುರುಮಾಡಿದ:

“ಗಡ್ಡ ಹತ್ತೀದು, ಅಂಗಿ ಬನಹಟ್ಟೀದು,
ಜೆಸಿಂತಾ ಹಾಕಿದ ಅನ್ನಕ್ಕ ಈ ಹೊಟ್ಟಿ ಬಂದದ್ದು.”

ಅಷ್ಟರಲ್ಲಿ ದಿಂಬು ಜಾರಿ ಕಾಲ ಬಳಿ ಬಿತ್ತು. ರೂಪಾ ನಗು ತಡೆಯಲಾರದೆ ಗೋಡೆಗೆ ಒರಗಿದಳು.

“ಹೊಟ್ಟಿ ಸುಳ್ಳು, ಒಡಪ ಖರೆ. ಬರ್ರಿ ಒಳಗ,” ಎಂದರು ಶಾಂತಕ್ಕ. ಓಣಿಯವರೂ ನಮ್ಮ ಹಿಂದೆಯೇ ಒಳಗೆ ಬಂದರು. ತಟ್ಟೆ ಖಾಲಿಯಾಗಿ, ಕೊನೆಗೆ ನಮಗೇ ಕಿಡ್ಯೊ ಉಳಿಯಲಿಲ್ಲ.

ಮುಂದಿನ ವರ್ಷ ರಜೆ ಸಿಕ್ಕಿತು. ಮಂಗಳೂರಲ್ಲಿ ನಕ್ಷತ್ರ, ಹಾಡು, ಮೊಟ್ಟೆಯ ಕೇಕ್ ಎಲ್ಲ ಇತ್ತು. ಹಬ್ಬ ನಿಜಕ್ಕೂ ಚೆನ್ನಾಗಿತ್ತು. ಊಟಕ್ಕೆ ಕೂರುವಾಗ ಫೋನ್ ಬಂತು. “ಯಾವಾಗ ಬರ್ತೀರಿ? ಓಣಿ ಭಣಭಣ ಅನ್ನಾಕತ್ತೇತಿ,” ಎಂದರು ಶಾಂತಕ್ಕ.

“ಯಾರದು?” ಎಂದಳು ಮಾಂಯ್.

“ಮನೆಯಿಂದ,” ಎಂದೆ.

ಮಾಂಯ್ ನನ್ನ ಮುಖವನ್ನೇ ನೋಡಿದಳು. ಅವಳು ಎದ್ದು ಹೋಗಿ ನಾವು ಕೊಂಡೊಯ್ಯಬೇಕಾದ ತಿಂಡಿಯನ್ನು ಕಟ್ಟತೊಡಗಿದಳು. ಒಳಗಿನಿಂದಲೇ ಕೇಳಿದಳು: “ಅವರಿಗೆ ಮೊಟ್ಟೆ ಆಗುವುದಿಲ್ಲ ಅಲ್ಲವಾ?”